ಪುಟ್ಟನನ್ನು ಸೋಮಾರಿ ಅನ್ನಬೇಡಿ

ಲೀಡ್ಸ್, ಭಾನುವಾರ ರಾತ್ರಿ

ಅಕ್ಕ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಹೇಗಿದೆ? ಫೋನಿನಲ್ಲಿ ಮಾತಾಡಿದರೆ ಭಾವ ನಡುವೆ ಬಂದು ರೇಗುತ್ತಾರೆ, ಅದಕ್ಕೇ ಈ ಕಾಗದ. ನಿನ್ನ ಮಗ ಪುಟ್ಟನನ್ನು ಸೋಮಾರಿ ಅಂತಾರಲ್ಲ, ಆ ವಿಷಯ.

ಮೊನ್ನೆ ವೀಡಿಯೊ ಕಾಲ್ ಮಾಡಿದಾಗ ಫೋನನ್ನು ಡಬ್ಬಕ್ಕೆ ಒರಗಿಸಿಟ್ಟು ನೀನು ಮುದ್ದೆ ತಿರುವೋಕೆ ಹೋದೆಯಲ್ಲ, ಆಗ ಅವನು ಕಾಪಿ ಬರೆಯುವುದನ್ನೇ ನೋಡುತ್ತಾ ಕೂತಿದ್ದೆ. 'ಕಬ್ಬು' ಅಂತ ಬರೆಯಬೇಕಿತ್ತು. ಒತ್ತು ಬಿಟ್ಟ. ಅಳಿಸಿದ. ಆಮೇಲೆ ಒತ್ತನ್ನು 'ಕ'ದ ಕೆಳಗೆ ಹಾಕಿದ, ಮತ್ತೆ ಅಳಿಸಿದ, ಹಾಳೆ ತೂತಾಯಿತು. ಅರ್ಧ ಗಂಟೆಗೆ ಎರಡು ಸಾಲು. ಹಣೆಯೆಲ್ಲ ಬೆವರು. ಸೋಮಾರಿ ಹುಡುಗ ಹೀಗೆ ಒದ್ದಾಡ್ತಾನಾ? ಅದೇ ಹುಡುಗ ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸಿ ಪಾಕ ಇಳಿಸುವವರೆಗೂ ಏನೇನು ಮಾಡ್ತಾರೆ ಅಂತ ಒಂದೂ ಬಿಡದೆ ನನಗೆ ಹೇಳಿದ. ಅವನನ್ನು ಕ್ಲಾಸಿನ ಎದುರು ನಿಲ್ಲಿಸಿ ದಡ್ಡ ಅಂದರಂತೆ ಅಂತ ಕೇಳಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಅವನು ಹುಟ್ಟಿದ್ದು 32 ವಾರಕ್ಕೆ, ನೆನಪಿದೆಯಲ್ಲ. ನಾನು ಇಲ್ಲಿ ದಿನಾ ನೋಡಿಕೊಳ್ಳುವುದು ಅಂಥ ಕೂಸುಗಳನ್ನೇ. ಹೊಟ್ಟೆಯಲ್ಲಿನ ಕೊನೆಯ ಎರಡು ತಿಂಗಳು ಮಗು ಸುಮ್ನೆ ದಪ್ಪ ಆಗುತ್ತೆ ಅಂದುಕೊಳ್ಳುತ್ತೇವೆ. ಹಾಗಲ್ಲ. 35 ವಾರಕ್ಕೆ ಮಿದುಳಿನ ತೂಕ, ತಿಂಗಳು ತುಂಬಿದ ಮಗುವಿನ ಮಿದುಳಿನ ಮೂರರಲ್ಲಿ ಎರಡು ಪಾಲು ಅಷ್ಟೇ. ಮಡಿಕೆಗಳು ಬೀಳುವುದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ತಂತಿ ಎಳೆದ ಹಾಗೆ ನರಗಳು ಕೂಡಿಕೊಳ್ಳುವುದು ಆಗಲೇ ಜಾಸ್ತಿ. ಪುಟ್ಟನಿಗೆ ಆ ಕೆಲಸ ವಾರ್ಮರ್ ದೀಪದ ಕೆಳಗೆ, ಮೆಷಿನ್ನುಗಳ ಸದ್ದಿನಲ್ಲಿ ನಡೆಯಿತು. ಬೇಗ ಹುಟ್ಟಿದವರಿಗೆಲ್ಲ ಹೀಗಾಗುತ್ತೆ ಅಂತಲ್ಲ, ಎಷ್ಟೋ ಮಕ್ಕಳು ಚೆನ್ನಾಗಿ ಓದುತ್ತಾರೆ. ತಿಂಗಳು ತುಂಬಿ ಹುಟ್ಟಿದವರಲ್ಲೂ ಈ ತೊಂದರೆ ಇರುತ್ತೆ, ವಂಶದಲ್ಲೂ ಬರುತ್ತೆ. ಆದರೆ ಬೇಗ ಹುಟ್ಟಿದ ಮಕ್ಕಳಲ್ಲಿ ಗಮನ ನಿಲ್ಲದಿರುವುದು, ಓದು ಲೆಕ್ಕ ತಡವಾಗುವುದು ಸ್ವಲ್ಪ ಜಾಸ್ತಿ.

ಒಂದು ಕಡೆ ಕೂರಲ್ಲ ಅಂತ ಭಾವ ಬೈತಾರಲ್ಲ, ಅದಕ್ಕೂ ಒಂದು ಮಾತು. 2007ರಲ್ಲಿ ಅಮೆರಿಕದಲ್ಲಿ ಇಂಥ ಚಂಚಲ ಮಕ್ಕಳ ಮಿದುಳಿನ ಸ್ಕ್ಯಾನ್ ನೋಡಿದಾಗ, ಬೇರೆ ಮಕ್ಕಳಲ್ಲಿ ಏಳೂವರೆ ವರ್ಷಕ್ಕೆ ಕಾಣುವ ಬೆಳವಣಿಗೆ ಇವರಲ್ಲಿ ಹತ್ತೂವರೆ ವರ್ಷಕ್ಕೆ ಕಂಡಿತು. ಬೆಳೆಯುವ ಕ್ರಮ ಅದೇ, ಬರುವುದು ಮಾತ್ರ ತಡ. ತಡೆದುಕೊಂಡು ಯೋಚಿಸುವ ಮುಂಭಾಗವಂತೂ ಎಲ್ಲರಿಗೂ ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಲೇ ಇರುತ್ತೆ. ಅದನ್ನು ಹೊಡೆದು ಬೇಗ ಬಲಿಸೋಕಾಗುತ್ತಾ? ಹೊಡೆತಕ್ಕೆ ಹೆದರಿದ ಮಗುವಿಗೆ ಗೊತ್ತಿರುವುದೂ ಮರೆತುಹೋಗುತ್ತೆ.

ಇನ್ನೊಂದು. ನೀನು ಆಗ ಗದ್ದೆ ಕೆಲಸಕ್ಕೆ ಹೋಗಿದ್ದಕ್ಕೇ ಹೀಗಾಯಿತು ಅಂತ ಅತ್ತೆ ಅಂದರು, ನೀನೂ ಅದನ್ನೇ ನಂಬಿಕೊಂಡು ಕೂತಿದ್ದೀಯ. ಬಿಟ್ಟುಬಿಡು ಅಕ್ಕ. ಹೆರಿಗೆ ಯಾಕೆ ಬೇಗ ಆಯಿತು ಅಂತ ಎಷ್ಟೋ ಸಲ ಡಾಕ್ಟರಿಗೂ ಹೇಳೋಕಾಗಲ್ಲ. ಒಂದೂವರೆ ಕೆಜಿ ಮಗುವನ್ನು ಎದೆಗೆ ಕಟ್ಟಿಕೊಂಡು ರಾತ್ರಿಯೆಲ್ಲ ಕೂತಿದ್ದವಳು ನೀನು. ಅದಕ್ಕಿಂತ ಒಳ್ಳೆ ಔಷಧಿ ನಮ್ಮ ವಾರ್ಡಿನಲ್ಲೂ ಇಲ್ಲ.

ಈಗ ಮೊದಲು ಅವನ ಕಣ್ಣು ಪರೀಕ್ಷೆ ಮಾಡಿಸು. ಆಮೇಲೆ ಮೈಸೂರಿನ ಸ್ಪೀಚ್ ಅಂಡ್ ಹಿಯರಿಂಗ್‌ಗೆ ಕರೆದುಕೊಂಡು ಹೋಗು. ಮಾನಸಗಂಗೋತ್ರಿಯಲ್ಲಿದೆಯಲ್ಲ, 1965ರಿಂದ ಇರುವ ಕೇಂದ್ರ ಸರ್ಕಾರದ ಸಂಸ್ಥೆ, ಅದೇ. ಕಿವಿಯಿಂದ ಹಿಡಿದು ಮಾತು, ಓದುಬರಹ ಎಲ್ಲಾ ಅಲ್ಲೇ ನೋಡುತ್ತಾರೆ. ಮಂಡ್ಯದಿಂದ ಬೆಳಗಿನ ಟ್ರೇನ್ ಹತ್ತಿದರೆ ಆಯಿತು. ಅವನಿಗೆ ಎಂಟು ತುಂಬಿದೆ, ಕಲಿಕೆಯ ತೊಂದರೆ ಇದೆಯೋ ಇಲ್ಲವೋ ಅಂತ ಸರಿಯಾಗಿ ಹೇಳೋಕೆ ಇದೇ ವಯಸ್ಸು. ಇದೆ ಅಂತಾದರೂ ಹೆದರಬೇಡ, ಅಂಗವಿಕಲರ ಹಕ್ಕುಗಳ 2016ರ ಕಾನೂನಿನಲ್ಲೇ ಅದನ್ನು ಸೇರಿಸಿದ್ದಾರೆ, ಸರ್ಟಿಫಿಕೇಟ್ ಸಿಕ್ಕರೆ ಮುಂದೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಬಹುದು.

ಹೋಗುವಾಗ ಅವನು ಹುಟ್ಟಿದಾಗಿನ ಡಿಸ್ಚಾರ್ಜ್ ಚೀಟಿ ಮತ್ತು ತಾಯಿ ಕಾರ್ಡ್ ಮರೆಯಬೇಡ. ಅಮ್ಮನ ಕಪ್ಪು ಟ್ರಂಕಿನಲ್ಲಿ, ಧಾರೆ ಸೀರೆಯ ಕೆಳಗೆ ನಾನೇ ಇಟ್ಟಿದ್ದೆ. ಆ ತೂತಾದ ಕಾಪಿ ಪುಸ್ತಕವನ್ನೂ ತೆಗೆದುಕೊಂಡು ಹೋಗು, ಹರಿದುಹಾಕಬೇಡ.

ನಿನ್ನ ತಂಗಿ