ಸೋದರಳಿಯನಿಗೆ, ಕ್ಷೌರದ ಕತ್ತಿ ಕೊಳ್ಳುವ ಮೊದಲು

ಶಿರಸಿ

ಚಿ. ಅಪ್ಪಿಗೆ ಮಾವ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ಕಾರವಾರದಲ್ಲಿ ಕೆಲಸಕ್ಕೆ ಸೇರಿದವನು ಮೊದಲ ಸಂಬಳದಲ್ಲೇ ಮಡಚುವ ಕ್ಷೌರದ ಕತ್ತಿ ಕೊಳ್ಳುತ್ತೇನೆಂದು ಹಟ ಹಿಡಿದಿದ್ದೀಯಂತೆ. ನಿನ್ನ ಆಯಿ ಫೋನ್ ಮಾಡಿದ್ದಳು. "ಕುತ್ತಿಗೆ ಕೊಯ್ದುಕೊಂಡರೆ ಏನು ಗತಿ, ನೀನಾದರೂ ಬುದ್ಧಿ ಹೇಳು" ಎಂದು ಅವಳ ಅಳಲು. ನಾನು ಬೇಡ ಎನ್ನುವುದಿಲ್ಲ. ನನ್ನ ಗಡ್ಡಕ್ಕೆ ಇಂದಿಗೂ ಅದೇ ಕತ್ತಿ, ಅದರ ಸುಖ ನನಗೆ ಗೊತ್ತು. ಆದರೆ ದುಡ್ಡು ಎಣಿಸುವ ಮೊದಲು ಈ ಕಾಗದ ಪೂರ್ತಿ ಓದು.

ನೀನು ಕಳಿಸಿದ ಚಿತ್ರ ನೋಡಿದೆ. ಕತ್ತಿ, ಅದರ ಹರಿತ ತೀಡುವ ಚರ್ಮದ ಪಟ್ಟಿ, ಬ್ರಶ್ಶು, ಬಟ್ಟಲು, ಸ್ಟ್ಯಾಂಡು ಎಲ್ಲ ಒಂದೇ ಪೆಟ್ಟಿಗೆಯಲ್ಲಿ, ಅದೂ ಅಗ್ಗಕ್ಕೆ. ಅದರ ಸುದ್ದಿಗೇ ಹೋಗಬೇಡ. ಅಂಥ ಸೆಟ್ಟಿನಲ್ಲಿ ಬರುವುದು ಬಹುತೇಕ ಕತ್ತಿಯ ಆಕಾರದ ತಗಡು. ಉಕ್ಕು ಮೆತ್ತಗಿದ್ದರೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಬಟ್ಟಲಿಗೆ ಮನೆಯ ಸ್ಟೀಲ್ ಲೋಟ ಸಾಕು, ಸ್ಟ್ಯಾಂಡು ಬೇಕಾಗಿಯೇ ಇಲ್ಲ. ಹಣವನ್ನು ಕತ್ತಿಯೊಂದರ ಮೇಲೆ ಹಾಕು. ಜರ್ಮನಿಯ ಸೊಲಿಂಗನ್ ಊರಿನ ಕತ್ತಿಗೆ ಹೆಸರು ಸುಮ್ಮನೆ ಬಂದದ್ದಲ್ಲ. ಆ ಸೀಮೆಯಲ್ಲಿ ತಯಾರಾಗದ ಮಾಲಿನ ಮೇಲೆ ಆ ಹೆಸರು ಒತ್ತಕೂಡದೆಂದು 1938ರಲ್ಲೇ ಅಲ್ಲಿ ಕಾಯಿದೆ ಮಾಡಿದ್ದಾರೆ. ಆದರೆ ತರಿಸಿಕೊಳ್ಳುವಾಗ ಕತ್ತಿಯ ಬೆಲೆಯ ಮೇಲೆ ಸುಂಕವೂ ಬೀಳುತ್ತದೆ, ಅದನ್ನೂ ಮೊದಲೇ ವಿಚಾರಿಸಿಕೋ.

ಅಲಗಿನ ಅಗಲವನ್ನು ಇಂಚಿನ ಎಂಟನೇ ಭಾಗಗಳಲ್ಲಿ ಹೇಳುತ್ತಾರೆ. ನಿನಗೆ 5/8 ಸಾಕು, ಹೆಚ್ಚುಕಡಿಮೆ 16 ಮಿಲಿಮೀಟರ್. ತುದಿ ದುಂಡಗಿರುವುದನ್ನೇ ಆರಿಸು. ಚೂಪು ಮೂಲೆಯದು ಮೀಸೆಯ ಅಂಚು ತಿದ್ದಲು ಚೆನ್ನ, ಹೊಸಬನ ಕಿವಿಯ ಬುಡಕ್ಕೆ ಅಪಾಯ. ಸಾದಾ ಇಂಗಾಲದ ಉಕ್ಕೋ ಸ್ಟೇನ್‌ಲೆಸ್ಸೋ ಎಂದು ಕೇಳಿದ್ದೀಯ. ಮಸೆಯಲು ಸಾದಾ ಉಕ್ಕೇ ಸಲೀಸು. ಆದರೆ ನೀನಿರುವುದು ಕಾರವಾರದ ಕೋಡಿಬಾಗದಲ್ಲಿ, ಕಿಟಕಿ ತೆಗೆದರೆ ಉಪ್ಪುಗಾಳಿ. ಅಲ್ಲಿಯೇ ನಾಲ್ಕಾರು ವರ್ಷ ಇರುವ ಲೆಕ್ಕವಾದರೆ ಸ್ಟೇನ್‌ಲೆಸ್ ತೆಗೆದುಕೋ.

ಹೊಸ ಕತ್ತಿ ಅಂಗಡಿಯಿಂದ ಬಂದ ಹಾಗೇ ಗಡ್ಡಕ್ಕೆ ಆಗುತ್ತದೆ ಎಂದುಕೊಳ್ಳಬೇಡ. ಕಾರ್ಖಾನೆಯಲ್ಲಿ ಕೊಡುವ ಹರಿತ ಎಷ್ಟೋ ಸಲ ಚರ್ಮಕ್ಕೆ ಸಾಲುವುದಿಲ್ಲ. ಆದ್ದರಿಂದ ಬಲ್ಲವರು ಕಲ್ಲಿನ ಮೇಲೆ ಹದ ಮಾಡಿ ಕೊಡುವ ಕಡೆಯೇ ಕೊಳ್ಳು, ನಾಲ್ಕು ಕಾಸು ಹೆಚ್ಚಾದರೂ ಚಿಂತೆಯಿಲ್ಲ. ಕಲ್ಲು ಮಾತ್ರ ಈಗಲೇ ಕೊಳ್ಳಬೇಡ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮಸೆದು ನಿನಗೆ ರೂಢಿಯಿದೆ, ಆ ರೂಢಿಯೇ ಇಲ್ಲಿ ತೊಂದರೆ. ಅದನ್ನು ಬೆನ್ನೆತ್ತಿ ಕಲ್ಲಿಗೆ ತಿಕ್ಕುತ್ತೀಯ. ಕ್ಷೌರದ ಕತ್ತಿಯ ಬೆನ್ನು ಎತ್ತಲೇಬಾರದು. ಬೆನ್ನೂ ಬಾಯಿಯೂ, ಅಂದರೆ ಹರಿತದ ಅಂಚೂ, ಒಟ್ಟಿಗೆ ಕಲ್ಲಿಗೆ ತಾಗಿದರೆ ಓರೆ ತಾನಾಗಿ ಸರಿ ಬರಲೆಂದೇ ಬೆನ್ನನ್ನು ಅಷ್ಟು ದಪ್ಪ ಇಟ್ಟಿರುತ್ತಾರೆ. 1000 ನಂಬರಿನ ಕಲ್ಲಿನಿಂದ ಹಿಡಿದು 8000, 12000ದವರೆಗೆ ಏರಬೇಕು; ನಂಬರು ಏರಿದಷ್ಟೂ ಕಲ್ಲು ನಯ. ಬೋಳಿಸುವುದನ್ನೂ ಮಸೆಯುವುದನ್ನೂ ಒಟ್ಟಿಗೆ ಕಲಿಯಹೊರಟರೆ, ಗಡ್ಡ ಎಳೆದಾಗ ತಪ್ಪು ಕೈಯದೋ ಕತ್ತಿಯದೋ ಎಂದೇ ತಿಳಿಯುವುದಿಲ್ಲ.

ಚರ್ಮದ ಪಟ್ಟಿ ಮಾತ್ರ ಮೊದಲ ದಿನದಿಂದಲೇ ಬೇಕು. ಎರಡೂವರೆ ಮೂರು ಇಂಚು ಅಗಲದ್ದು ನೋಡು, ಹಿಂದುಗಡೆ ದಪ್ಪ ಬಟ್ಟೆಯ ಪಟ್ಟಿ ಇದ್ದರೆ ಒಳ್ಳೆಯದು. ಮೊದಲನೆಯದು ಸಾಧಾರಣ ಬೆಲೆಯದೇ ಇರಲಿ, ಕಲಿಯುವವರ ಪಟ್ಟಿಗೆ ಗಾಯ ಆಗಿಯೇ ಆಗುತ್ತದೆ. ಪ್ರತಿ ಸಲ ಬೋಳಿಸುವ ಮುಂಚೆ ಅದನ್ನು ಕೊಕ್ಕೆಗೆ ಸಿಕ್ಕಿಸಿ ಬಿಗಿಯಾಗಿ ಎಳೆದು ಹಿಡಿ. ಸಡಿಲ ಬಿಟ್ಟರೆ ಬಾಯಿ ಉರುಟಾಗಿ ಹರಿತ ಹೋಗುತ್ತದೆ. ಕತ್ತಿಯನ್ನು ಅಡ್ಡ ಮಲಗಿಸಿ ಬೆನ್ನು ಮುಂದಾಗಿ ಎಳೆ, ಬಾಯಿ ಹಿಂದಿನಿಂದ ಬರಲಿ. ತುದಿ ತಲುಪಿದಾಗ ಕತ್ತಿ ಎತ್ತಬೇಡ, ಬೆನ್ನಿನ ಮೇಲೆಯೇ ಹೊರಳಿಸಿ ವಾಪಸ್ ತಾ. ಬಾಯಿ ಮೇಲಕ್ಕೆ ತಿರುಗಿ ಮತ್ತೆ ಇಳಿಯಬೇಕು, ಬೆನ್ನು ಚರ್ಮ ಬಿಡಕೂಡದು. ಭಾರ ಹಾಕಬೇಡ. ಬಟ್ಟೆಯ ಮೇಲೆ 20 ಸಲ, ಚರ್ಮದ ಮೇಲೆ 40–50 ಸಲ ಹೋಗಿ ಬಂದರೆ ಸಾಕು. ಮೊದಮೊದಲು ತೀರ ನಿಧಾನ ಮಾಡು. ಕ್ಷೌರದಂಗಡಿಯವರ ಕೈವೇಗ ನೋಡಿ ಆಸೆಪಡಬೇಡ.

ಬ್ರಶ್ಶು, ಸೋಪಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಸಿಂಥೆಟಿಕ್ ಕೂದಲಿನ ಬ್ರಶ್ಶು ಬೇಗ ಒಣಗುತ್ತದೆ, ಮಳೆಗಾಲದ ಕಾರವಾರಕ್ಕೆ ಅದೇ ಸೈ. ಡಬ್ಬಿಯಿಂದ ಬುಸ್ಸೆಂದು ಬರುವ ನೊರೆ ಬೇಡ, ಬ್ರಶ್ಶಿನಿಂದ ನೊರೆ ಎಬ್ಬಿಸುವ ಸೋಪೋ ಕ್ರೀಮೋ ಇರಲಿ. ಒಂದು ಪಟಿಕದ ಗಟ್ಟಿ ಇಟ್ಟುಕೋ.

ಬಿಸಿನೀರಿನ ಸ್ನಾನ ಮುಗಿಸಿಯೇ ಕೂರು. ಮೊದಲ ಒಂದೆರಡು ವಾರ ಕೆನ್ನೆ ಮಾತ್ರ ಈ ಕತ್ತಿಯಲ್ಲಿ, ಉಳಿದದ್ದು ನಿನ್ನ ಹಳೆಯ ರೇಜರಿನಲ್ಲೇ ಆಗಲಿ. ಗದ್ದ, ಮೇಲ್ದುಟಿ, ಗಂಟಲು ಆಮೇಲೆ. ಇನ್ನೊಂದು ಕೈಯಿಂದ ಚರ್ಮ ಬಿಗಿಯಾಗಿ ಎಳೆದಿಟ್ಟುಕೋ, ಅರ್ಧ ವಿದ್ಯೆ ಅದರಲ್ಲೇ ಇದೆ. ಕತ್ತಿ ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಲ್ಲಿರಲಿ, ಕೂದಲು ಬೆಳೆದ ದಿಕ್ಕಿಗೇ ಚಿಕ್ಕ ಚಿಕ್ಕದಾಗಿ ಎಳೆ. ಬಾಯಿ ಅಡ್ಡಡ್ಡ ಜಾರಿತೋ, ಕೊಯ್ದಿತೆಂದೇ ತಿಳಿ. ಮೊಡವೆ ಎದ್ದ ದಿನ ಬಿಟ್ಟುಬಿಡು. ಇನ್ನೊಂದು ಮಾತು ಗಟ್ಟಿಯಾಗಿ ನೆನಪಿಟ್ಟುಕೋ: ಕತ್ತಿ ಕೈಜಾರಿದರೆ ಹಿಡಿಯಲು ಹೋಗಬೇಡ, ಬಿದ್ದು ಮುರಿದರೆ ಮುರಿಯಲಿ.

ಎಲ್ಲಕ್ಕಿಂತ ನನಗೆ ಭಯವಿರುವುದು ತುಕ್ಕಿನದು. ಬೋಳಿಸಿ ಮುಗಿದ ಕೂಡಲೇ ತೊಳೆದು, ಮೆತ್ತನೆ ಬಟ್ಟೆಯಿಂದ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಒರೆಸು. ಹಿಡಿಯ ಸಂದಿಯಲ್ಲೂ, ಮೊಳೆಯ ಹತ್ತಿರವೂ ನೀರು ಉಳಿಯಬಾರದು. ಕೂಡಲೇ ಮಡಚಬೇಡ, ತೆರೆದಿಟ್ಟು ಒಣಗಿಸು. ಆಮೇಲೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸವರು. ತೆಂಗಿನೆಣ್ಣೆ ಬೇಡ, ಇಟ್ಟಲ್ಲಿ ಕಮಟಾಗಿ ಅಂಟು ಹಿಡಿಯುತ್ತದೆ. ಬಚ್ಚಲುಮನೆಯಲ್ಲಂತೂ ಇಡಲೇಬೇಡ. ಬಟ್ಟೆಯ ಕಪಾಟಿನಲ್ಲಿ, ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬಳಸದ ದಿನವೂ ಒಮ್ಮೆ ತೆರೆದು ನೋಡು.

ಗೋವಾದ ಮಾಪ್ಸಾದ ಶುಕ್ರವಾರದ ಸಂತೆಯಲ್ಲಿ ಹಳೆಯ ಕತ್ತಿ ಕಂಡೆ ಎಂದೂ ಬರೆದಿದ್ದೀಯ. ಹಳೆಯದರಲ್ಲಿ ಎಷ್ಟೋ ಒಳ್ಳೆಯವಿರುತ್ತವೆ, ಆದರೆ ನೋಡುವ ಕಣ್ಣು ಬೇಕು. ಬಾಯಿಯ ಅಂಚಿನಲ್ಲಿ ತುಕ್ಕು ತಿಂದ ಕಪ್ಪು ಗುಳಿಗಳಿದ್ದರೆ, ಅಲಗಿನಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಬಿಡು. ಬೆನ್ನು ಒಂದು ಕಡೆ ಹೆಚ್ಚು ಸವೆದಿದ್ದರೆ ಬಿಡು. ಸೆಲ್ಯುಲಾಯ್ಡ್ ಎಂಬ ಹಳೆಗಾಲದ ಪ್ಲಾಸ್ಟಿಕ್ಕಿನ ಹಿಡಿ ಕೊಳೆಯತೊಡಗಿದರೆ ಅದರಿಂದ ಹೊಮ್ಮುವ ಆವಿಯೇ ಉಕ್ಕನ್ನು ತಿನ್ನುತ್ತದೆ, ಎಣ್ಣೆ ಹಚ್ಚಿ ಫಲವಿಲ್ಲ. ನೀನು ಈಗ ಅದರ ಗೋಜಿಗೆ ಹೋಗದಿದ್ದರೇ ಒಳ್ಳೆಯದು.

ಇಷ್ಟೆಲ್ಲ ಕೇಳಿ ಹಿಂಜರಿಕೆಯಾದರೆ, ಮೊದಲು ಅರ್ಧ ಬ್ಲೇಡು ಸಿಕ್ಕಿಸುವ ಉಸ್ತರಾ ಒಂದು ತೆಗೆದುಕೋ. ಬ್ಲೇಡನ್ನು ಕಾಗದದ ಸಮೇತ ಉದ್ದಕ್ಕೆ ಮುರಿದು ಹಾಕುತ್ತಾರಲ್ಲ, ಅದು. ಪಟ್ಟಿ ಬೇಡ, ಕಲ್ಲು ಬೇಡ. ಆದರೆ ಬ್ಲೇಡು ತೆಳು, ಚರ್ಮವನ್ನು ಬೇಗ ಕಚ್ಚುತ್ತದೆ. ನನ್ನನ್ನು ಕೇಳಿದರೆ ನೇರವಾಗಿ ಕತ್ತಿಯಲ್ಲೇ ಕಲಿ. ಊರಿನಲ್ಲಿ ಪಟ್ಟಿ ಹಿಡಿದು ಪಳಗಿದ ಹಿರಿಯ ಕ್ಷೌರಿಕರು ಯಾರಾದರೂ ಇದ್ದರೆ ಕೂಲಿ ಕೊಟ್ಟು, ಪಕ್ಕದಲ್ಲಿ ನಿಂತು ಅವರ ಮಣಿಕಟ್ಟು ಹೇಗೆ ತಿರುಗುತ್ತದೆಂದು ನೋಡಿಕೋ.

ದೀಪಾವಳಿಗೆ ಬರುವಾಗ ಕತ್ತಿಯನ್ನು ಪೆಟ್ಟಿಗೆಯಲ್ಲಿಟ್ಟು, ಬಟ್ಟೆಯ ನಡುವೆ ಭದ್ರವಾಗಿ ಇಟ್ಟುಕೊಂಡು ಬಾ. ಅಷ್ಟರಲ್ಲಿ ಅದಕ್ಕೆ ಸಣ್ಣ ಮಸೆತ ಬೇಕಾಗಿರುತ್ತದೆ. ನನ್ನ 12000ದ ಕಲ್ಲಿನ ಮೇಲೆ ನಾನು ಮಾಡಿ ತೋರಿಸುತ್ತೇನೆ, ಆಮೇಲೆ ನಿನ್ನ ಕೈಗೆ ಕೊಡುತ್ತೇನೆ. ನಿನ್ನ ಆಯಿಗೆ ನಾನೇ ಮಾತಾಡಿ ಒಪ್ಪಿಸಿದ್ದೇನೆ. ಕೊಂಡ ದಿನ ಅವಳಿಗೊಂದು ಫೋನ್ ಮಾಡು.

ಇಂತಿ,
ನಿನ್ನ ಪ್ರೀತಿಯ ಮಾವ