ಲಸಿಕೆ ಪೋಲು: ಇನ್ನೊಂದು ಲೆಕ್ಕವನ್ನೂ ಕೇಳಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಒಂದು ಆರೋಗ್ಯ ಕೇಂದ್ರದ ಕಸದ ಬಕೆಟ್ಟಿನ ಫೋಟೊ ಬಂದಿತ್ತು. ಅದರ ತುಂಬ ಅರ್ಧಂಬರ್ಧ ಬಳಸಿದ ಲಸಿಕೆ ಸೀಸೆಗಳು. ಸರ್ಕಾರದ ದುಡ್ಡು ಪೋಲಾಗುತ್ತಿದೆ ಎಂಬ ಸಿಟ್ಟು ವರದಿಯಲ್ಲಿತ್ತು. ಫೋಟೊ ಸುಳ್ಳಲ್ಲ. ಆದರೆ ಇಂಥ ಸಿಟ್ಟು ಕೊನೆಗೆ ಯಾರ ತಲೆಗೆ ಬರುತ್ತದೆ ಅಂತ ನನಗೆ ಗೊತ್ತು. ಒಮ್ಮೆ ಅಂಥ ಸಿಟ್ಟು ಮಾಡಿಕೊಂಡು ತಪ್ಪು ಮಾಡಿದವಳು ನಾನೇ.

ನಾನು ಸಮುದಾಯ ವೈದ್ಯಕೀಯ ಓದಿದ ಡಾಕ್ಟರು. ಲಸಿಕೆಗಳ ಬಗ್ಗೆ ಅಧ್ಯಯನ ಮಾಡುವುದು, ಸರ್ಕಾರಕ್ಕೆ ಸಲಹೆ ಬರೆದುಕೊಡುವುದು ನನ್ನ ಕೆಲಸ. ಮದುವೆ ಮನೆಗಳಲ್ಲಿ ಸಿಕ್ಕವರು, 'ಫ್ಲೂಗೆ ಯಾವ ಇಂಜೆಕ್ಷನ್ ಒಳ್ಳೇದು ಡಾಕ್ಟ್ರೇ?' ಅಂತ ಕೇಳುತ್ತಾರೆ. ನಾನು ಸಿರಿಂಜ್ ಹಿಡಿದು ಎಷ್ಟೋ ವರ್ಷಗಳಾದವು. ದಿನವಿಡೀ ಮಾಡುವುದು ಕೂಡುವ ಕಳೆಯುವ ಲೆಕ್ಕ.

ಮೊದಲು ಬಕೆಟ್ಟಿನ ವಿಷಯ. ದಡಾರ-ರುಬೆಲ್ಲಾ ಲಸಿಕೆ ಪುಡಿಯಾಗಿ ಬರುತ್ತದೆ. ಒಂದು ಸೀಸೆಯಲ್ಲಿ ಐದೋ ಹತ್ತೋ ಡೋಸ್ ಇರುತ್ತದೆ. ಜೊತೆಗೆ ಕೊಟ್ಟ ನೀರು ಬೆರೆಸಿದ ಮೇಲೆ ಅದರ ಆಯಸ್ಸು 4 ಗಂಟೆ, ಅಷ್ಟೇ. ಕ್ಷಯಕ್ಕೆ ಹಾಕುವ ಬಿಸಿಜಿ ಕೂಡ ಹಾಗೇ. ಇವುಗಳಲ್ಲಿ ಕೀಟಾಣು ಬೆಳೆಯದಂತೆ ತಡೆಯುವ ಔಷಧಿ ಹಾಕಿರುವುದಿಲ್ಲ. ಹೆಚ್ಚು ಬಿಸಿ ತಾಗಿದರೆ ಬಣ್ಣ ಬದಲಿಸಿ ತಿಳಿಸುವ ಚಿಕ್ಕ ಚೌಕದ ಗುರುತು ಇಂಥ ಸೀಸೆಗಳಲ್ಲಿ ಮುಚ್ಚಳದ ಮೇಲೆ ಇರುತ್ತದೆ. ಮುಚ್ಚಳ ಕಿತ್ತರೆ ಗುರುತೂ ಹೋಯಿತು. ಎಸೆಯುವುದು ಬಿಟ್ಟು ಬೇರೆ ದಾರಿಯಿಲ್ಲ.

ಎಸೆಯದಿದ್ದರೆ ಏನಾಗುತ್ತದೆ? 2017ರ ಮೇ ತಿಂಗಳಲ್ಲಿ ದಕ್ಷಿಣ ಸುಡಾನ್‌ನ ಒಂದು ಹಳ್ಳಿಯಲ್ಲಿ ದಡಾರ ಲಸಿಕೆ ಹಾಕಿದ ಮೇಲೆ 15 ಮಕ್ಕಳು ಸತ್ತರು. ಲಸಿಕೆಯಲ್ಲಿ ದೋಷವಿರಲಿಲ್ಲ. ನಾಲ್ಕು ದಿನ ಅದನ್ನು ತಣ್ಣಗಿಟ್ಟಿರಲಿಲ್ಲ, ನೀರು ಬೆರೆಸಲು ನಾಲ್ಕೂ ದಿನ ಒಂದೇ ಸಿರಿಂಜ್ ಬಳಸಿದ್ದರು.  

ಹಾಗಂತ ಎಲ್ಲ ಪೋಲನ್ನೂ ನಾನು ಸಮರ್ಥಿಸುತ್ತಿಲ್ಲ. ಐದು ರೋಗಗಳಿಗೆ ಒಟ್ಟಿಗೆ ಕೊಡುವ ಪೆಂಟಾ ಲಸಿಕೆ, ಪೋಲಿಯೊ ಹನಿ ಇವುಗಳನ್ನು ಸರಿಯಾಗಿ ಇಟ್ಟರೆ ತೆರೆದ ಮೇಲೂ 28 ದಿನ ಬಳಸಬಹುದು. ಅರ್ಧ ಇರುವ ಪೆಂಟಾ ಸೀಸೆ ಅದೇ ದಿನ ಬಕೆಟ್ಟಿಗೆ ಬಿದ್ದಿದ್ದರೆ ನಿಮ್ಮ ವರದಿಗಾರರು ಕೇಳಲೇಬೇಕು. ಅದಕ್ಕಿಂತ ಕೆಟ್ಟ ಪೋಲು ಒಂದಿದೆ, ಅದು ಫೋಟೊದಲ್ಲಿ ಬೀಳುವುದಿಲ್ಲ. ಪೆಂಟಾ ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟಿತು. ಕರಗಿದ ಮೇಲೆ ನೋಡಲು ಮೊದಲಿನ ಹಾಗೇ ಇರುತ್ತದೆ. ಕುಲುಕಿ ಇಟ್ಟು, ಎಷ್ಟು ಬೇಗ ತಳ ಕಟ್ಟುತ್ತದೆ ಅಂತ ನೋಡಿದರೆ ಮಾತ್ರ ಗೊತ್ತಾಗುವುದು. ಫ್ರಿಜ್ಜಿನ ಗೋಡೆಗೆ ಒತ್ತಿಟ್ಟು ಹೆಪ್ಪುಗಟ್ಟಿದ ಅಂಥ ಸೀಸೆಯಿಂದ ಮಗುವಿಗೆ ಚುಚ್ಚಿದರೆ, ನಮ್ಮ ಲೆಕ್ಕದಲ್ಲಿ ಅದು ಪೋಲು ಅಂತ ಬರುವುದೇ ಇಲ್ಲ!

ಈಗ ನನ್ನ ಕಥೆ. ಕೆಲವು ವರ್ಷಗಳ ಹಿಂದೆ ರಾಯಚೂರು ಕಡೆಯ ಕೆಲವು ಕೇಂದ್ರಗಳ ಪೋಲಿನ ಲೆಕ್ಕ ತೆಗೆದೆ. ಇಬ್ಬರು ಮಕ್ಕಳಿಗೆ ಐದು ಡೋಸಿನ ಸೀಸೆ ತೆರೆದರೆ ಮೂರು ಡೋಸ್ ಪೋಲು, ಅಂದರೆ ಶೇ 60. ಜಾಸ್ತಿ ಇದ್ದ ಕೇಂದ್ರಗಳಿಗೆ ಹಾಳೆಯಲ್ಲಿ ಕೆಂಪು ಬಣ್ಣ ಹಚ್ಚಿ ಕಳಿಸಿದೆ. ಮೂರು ತಿಂಗಳಲ್ಲಿ ಒಂದು ಕೇಂದ್ರ ಹಸಿರಿಗೆ ಬಂತು. ಖುಷಿಯಾಯಿತು. ನೋಡಿ ಬರೋಣ ಅಂತ ಹೋದೆ.

ಅಂದು ಗುರುವಾರ, ಅಲ್ಲಿ ಲಸಿಕೆ ದಿನ. ಗೇಟಿನ ಹತ್ತಿರ ಒಬ್ಬ ತಾಯಿ ಹತ್ತು ತಿಂಗಳ ಮಗುವನ್ನು ಎತ್ತಿಕೊಂಡು ಹೊರಗೆ ಬರುತ್ತಿದ್ದಳು. ತಾಯಿ ಕಾರ್ಡ್ ನೋಡಿದೆ. ದಡಾರದ ಜಾಗ ಖಾಲಿ. ಯಾಕಮ್ಮ ಅಂದೆ.

'ಒಂದ ಕೂಸಿಗೆ ಬಾಟ್ಲಿ ಒಡಿಯಾಕ ಬರಂಗಿಲ್ಲಂತ ರೀ. ಮುಂದಿನ ಗುರುವಾರ ಬಾ ಅಂದ್ರು. ಅಷ್ಟೊತ್ತಿಗೆ ನಾವು ಗುಳೆ ಹೋಗಿರ್ತೀವ್ರಿ, ಬೆಂಗಳೂರಿಗೆ.'

ಅವಳು ವಾಪಸ್ ಹೋಗುತ್ತಿದ್ದದ್ದು ಅದು ಎರಡನೇ ಸಲ. ಒಳಗೆ ಕರೆದುಕೊಂಡು ಹೋದೆ. ಸಿಸ್ಟರ್ ನನಗಿಂತ ಹಿರಿಯರು. ನನ್ನ ಮುಖ ನೋಡಿ ಅಂದರು: 'ಪೋಲು ಜಾಸ್ತಿ ಆದ್ರ ಮೀಟಿಂಗಿನ್ಯಾಗ ಎಲ್ಲಾರ ಮುಂದ ನಿಲ್ಲಿಸಿ ಕೇಳ್ತಾರ್ರೀ ಮೇಡಂ. ಆ ಕೆಂಪು ಬಣ್ಣ ಹಚ್ಚಿದವ್ರು ನೀವ ಅಲ್ರೀ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದೇ ಮಗುವಿಗೆ ಸೀಸೆ ತೆರೆಸಿದೆ. ಮಧ್ಯಾಹ್ನ ಉಳಿದ ನಾಲ್ಕು ಡೋಸ್ ಎಸೆದರು. ಶೇ 80 ಪೋಲು ಅಂತ ನಾನೇ ಬರೆದೆ.

ಒಂದೇ ಮಗು ಬಂದರೂ ಸೀಸೆ ತೆರೆಯಿರಿ ಅಂತಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ದಡಾರ, ಆ ಕಡೆ ಗೊಬ್ಬರ ಅನ್ನುತ್ತಾರೆ, ಎಷ್ಟು ಅಂಟುರೋಗ ಅಂದರೆ ಲಸಿಕೆ ಇಲ್ಲದ ಜನರ ನಡುವೆ ಒಬ್ಬರಿಂದ 12ರಿಂದ 18 ಮಂದಿಗೆ ಹರಡುತ್ತದೆ. ಗುಳೆ ಹೋದವರು ಬೆಂಗಳೂರಿನಲ್ಲಿ ಇರುವುದು ಹತ್ತಾರು ಕುಟುಂಬಗಳ ತಗಡಿನ ಶೆಡ್ಡುಗಳಲ್ಲಿ. ಇನ್ನೊಂದು ಮಾತು. ದೊಡ್ಡ ಸೀಸೆ ಆರಿಸಿದವರು ಸಿಸ್ಟರ್ ಅಲ್ಲ. ಒಂದೊಂದೇ ಡೋಸಿನ ಸೀಸೆಗೆ ಖರ್ಚು ಜಾಸ್ತಿ, ಫ್ರಿಜ್ಜಿನಲ್ಲಿ ಜಾಗವೂ ಜಾಸ್ತಿ ಬೇಕು. ಸ್ವಲ್ಪ ಪೋಲಾಗುತ್ತದೆ ಅಂತ ಗೊತ್ತಿದ್ದೇ ನಮ್ಮಂಥವರು ಎಸಿ ರೂಮಿನಲ್ಲಿ ಕೂತು ಒಪ್ಪಿಕೊಂಡದ್ದು ಅದು.

ನನ್ನ ಹಾಳೆಯಲ್ಲಿ ಪೋಲಾದ ಡೋಸಿಗೆ ಕಾಲಂ ಇತ್ತು. ವಾಪಸ್ ಹೋದ ಮಕ್ಕಳಿಗೆ ಇರಲಿಲ್ಲ. ಆಮೇಲೆ ಸೇರಿಸಿದೆ, ಆದರೆ ಅದನ್ನು ತುಂಬಿಸುವುದು ಸುಲಭವಲ್ಲ. ತಾವೇ ವಾಪಸ್ ಕಳಿಸಿದ್ದನ್ನು ಯಾರು ಬರೆದಾರು, ಅಲ್ವಾ? ಹೊರಗಿನವರೇ ಕೇಳಬೇಕು. ನಿಮ್ಮ ವರದಿಗಾರರು ಮತ್ತೆ ಆ ಕೇಂದ್ರಕ್ಕೆ ಹೋದರೆ ಬಕೆಟ್ ನೋಡಿದ ಮೇಲೆ ಗೇಟಿನ ಹತ್ತಿರವೂ ಒಂದು ಗಂಟೆ ನಿಲ್ಲಲಿ. ಮಗು ಎತ್ತಿಕೊಂಡು ಹೊರಗೆ ಬರುವವರ ತಾಯಿ ಕಾರ್ಡ್ ಕೇಳಿ ನೋಡಲಿ.

ಇಂತಿ,
ಒಬ್ಬ ಲಸಿಕೆ ಸಂಶೋಧಕಿ, ಬೆಂಗಳೂರು