ಮಗಳಿಗೊಂದು ಪತ್ರ: ತೂಬಿನ ಕಂಬಕ್ಕೂ ಒಂದು ಕಾರ್ಡು

ಕೋಲಾರ

ಪುಟ್ಟೀ,

ಊರಿನ ಜಾಗಗಳ ಫೋಟೋ ತೆಗೆದು ಪೋಸ್ಟ್‌ಕಾರ್ಡ್ ಮಾಡಿ ನೀವು ಇಡಲಿರುವ ಪ್ರದರ್ಶನದ ಪಟ್ಟಿ ನೋಡಿದೆ. ಅಂತರಗಂಗೆ, ಸೋಮೇಶ್ವರ ದೇವಸ್ಥಾನ ಎರಡನ್ನೂ ಕೈಬಿಡಿ, ಅವನ್ನು ಊರೆಲ್ಲ ಫೋಟೋ ಹೊಡೆದಾಗಿದೆ. ಕೆರೆಗೆ ಹೋಗಿ. ಏರಿಯ ಒಳಮಗ್ಗುಲಲ್ಲಿ ಎರಡು ಕಲ್ಲುಕಂಬ, ನಡುವೆ ತೂತು ಕೊರೆದ ಅಡ್ಡಗಲ್ಲು ನಿಂತಿರುತ್ತದಲ್ಲ, ಅದೇ ತೂಬು. ಆ ತೂತಿನಲ್ಲಿ ಇಳಿಬಿಟ್ಟ ಗಳುವನ್ನು ನೀರಗಂಟಿ (ಕೆರೆ ನೀರು ಬಿಡುವವನು) ಎತ್ತಿದರೆ ತಳದ ಬಿರಡೆ ಸರಿದು, ನೀರು ಏರಿಯಡಿಯಿಂದ ಗದ್ದೆಗೆ ಹರಿಯುತ್ತಿತ್ತು. ಕೊಳವೆಬಾವಿ ಬಂದಮೇಲೆ ಅದು ಕೊಕ್ಕರೆ ಕೂರುವ ಕಂಬ. ದಾರಿಹೋಕರು ಹೊರೆ ಇಳಿಸುತ್ತಿದ್ದ ಹೊರೆಗಲ್ಲು, ಗರಡಿಮನೆ, ಹೂಳು ತುಂಬಿದ ಕಲ್ಯಾಣಿಯೂ ಪಟ್ಟಿಗೆ ಸೇರಲಿ.

ವೀರಗಲ್ಲಿಗೆ ಬಿಸಿಲು ಪಕ್ಕದಿಂದ ಬೀಳುವ ಹೊತ್ತು ನೋಡಿಕೊಳ್ಳಿ, ಎದುರಿನಿಂದ ಬಿದ್ದರೆ ಕೆತ್ತನೆ ಚಪ್ಪಟೆಯಾಗುತ್ತದೆ. ಶಾಸನದ ಮೇಲೆ ಸೀಮೆಸುಣ್ಣ ತಿಕ್ಕಲೇಬೇಡಿ. ತಿಕ್ಕುವವರು ಬಿಳಿ ಮಾಡುವುದು ಕಲ್ಲಿನ ಅಕ್ಷರವನ್ನಲ್ಲ, ತಮ್ಮ ಊಹೆಯನ್ನು. ಶಾಸನದ ಪಾಠ ಬೇಕಿದ್ದರೆ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ 10ನೇ ಸಂಪುಟ (1905) ಕೋಲಾರ ಜಿಲ್ಲೆಯದೇ, ತಾಲ್ಲೂಕುವಾರು ಇದೆ.

ಕಾರ್ಡಿನ ಅಳತೆ ಅಂಚೆಕಾರ್ಡಿನದೇ ಇರಲಿ, 14×9 ಸೆಂ.ಮೀ. ಸುತ್ತಲೂ 3 ಮಿ.ಮೀ. ಕಟಿಂಗಿಗೆ ಬಿಟ್ಟರೂ 12×18 ಇಂಚಿನ ಶೀಟಿನಲ್ಲಿ ಒಂಬತ್ತು ಕೂರುತ್ತವೆ. 6×4 ಇಂಚು ಮಾಡಿದರೆ ಆರು ಕೂರಿಸಲು ಪ್ರೆಸ್‌ನವರು ತಿಣುಕಬೇಕು. 18 ಚಿತ್ರ, ತಲಾ 50 ಪ್ರತಿ ಎಂದರೆ 100 ಶೀಟು. ಕಟಿಂಗ್‌ನಲ್ಲಿ ಹಾಳಾಗುವುದಕ್ಕೆಂದು 10 ಹೆಚ್ಚಿಗೆ ಹೇಳು. ಫೋಟೋ ಕನಿಷ್ಠ 1724×1134 ಪಿಕ್ಸೆಲ್ ಇರಬೇಕು. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿಯೇ ಕಳಿಸಿ, ಫೋಟೋ ಆಗಿ ಕಳಿಸಿದರೆ ಕುಗ್ಗುತ್ತದೆ. ಕನ್ನಡ ಅಕ್ಷರಗಳನ್ನು ಕರ್ವ್ಸ್ ಮಾಡಿ, ಅಂದರೆ ಫಾಂಟ್ ಬೇಡದ ಆಕೃತಿಗಳಾಗಿಸಿ ಪಿಡಿಎಫ್ ಕೊಡಿ, ಇಲ್ಲದಿದ್ದರೆ ಅವರ ಕಂಪ್ಯೂಟರಿನಲ್ಲಿ ಒತ್ತಕ್ಷರವೆಲ್ಲ ಚೆಲ್ಲಾಪಿಲ್ಲಿ. 300 ಜಿಎಸ್‌ಎಂ ಆರ್ಟ್ ಕಾರ್ಡು ಸಾಕು, ಹಿಂಬದಿಗೆ ಲ್ಯಾಮಿನೇಶನ್ ಬೇಡ. ಪೆನ್ನು ಜಾರುತ್ತದೆ, ಅಂಚೆಯ ಮೊಹರೂ ಅಳಿಸುತ್ತದೆ.

ನನಗೆ ಚಿತ್ರಕ್ಕಿಂತ ಹಿಂಬದಿಯೇ ಮುಖ್ಯ. ಎಡಕ್ಕೆ ಮೂರೇ ಸಾಲು: ಜಾಗ ಎಲ್ಲಿ, ತೆಗೆದ ದಿನ, ಅಕ್ಕಪಕ್ಕದವರು ಅದನ್ನು ಏನೆಂದು ಕರೆಯುತ್ತಾರೆ. 'ಹಳೆಯ ಕಲ್ಲು, ಕೋಲಾರ' ಎಂದು ಬರೆದರೆ ಹತ್ತು ವರ್ಷದ ಮೇಲೆ ಅದನ್ನು ಹುಡುಕಿ ಹೋಗಲು ಯಾರಿಂದಲೂ ಆಗದು. ಬಲಭಾಗ ವಿಳಾಸಕ್ಕೆ ಖಾಲಿ ಇರಲಿ. ಕಳಿಸುವ ದರವನ್ನು ಅಂಚೆ ಕಚೇರಿ ಕೌಂಟರಿನಲ್ಲಿ ಒಂದು ಕಾರ್ಡು ತೋರಿಸಿಯೇ ಕೇಳು.

ಪ್ರದರ್ಶನದ ದಿನ ಸುಣ್ಣದ ಗೋಡೆಗೆ ಡಬಲ್ ಸೈಡ್ ಟೇಪು ನಿಲ್ಲುವುದಿಲ್ಲ, ಸುಣ್ಣವನ್ನೇ ಕಿತ್ತುಕೊಂಡು ಬೀಳುತ್ತದೆ. ನೈಲಾನ್ ಹುರಿ ಬಿಗಿದು ಬಟ್ಟೆ ಕ್ಲಿಪ್ಪು ಹಾಕಿ. ಶಾಲೆ ಮಕ್ಕಳೂ ಬರುತ್ತಾರೆ, ಒಂದು ಸಾಲು ನೆಲದಿಂದ ನಾಲ್ಕಡಿಯಲ್ಲಿರಲಿ. ಕಾರ್ಡಿಗೆ ಎರಡೆರಡು ಕ್ಲಿಪ್ಪು. ಒಂದೇ ಹಾಕಿದರೆ ಫ್ಯಾನ್ ಹಾಕಿದ ಕೂಡಲೇ ಎಲ್ಲವೂ ಗಿರಗಿರ ತಿರುಗುತ್ತವೆ.

ಅಪ್ಪ